ಎಂಬತ್ತೇಳರಲ್ಲಿ ಒಂದು ಪಾಲಿನ ರೈಲು

ಹೈದರಾಬಾದಿನ ಕೊಂಡಾಪುರ ಎಂದೊಡನೆ ಈಗಿನವರಿಗೆ ನೆನಪಾಗುವುದು ಗಾಜಿನ ಕಟ್ಟಡಗಳು, ಕಂಪ್ಯೂಟರ್ ಕಂಪನಿಗಳು, ಮುಗಿಲು ಮುಟ್ಟುವ ಫ್ಲಾಟುಗಳು. ಆದರೆ ಅದರ ಮಗ್ಗುಲಲ್ಲೇ, ಹಫೀಜ್‌ಪೇಟ್ ಮತ್ತು ಹೈಟೆಕ್ ಸಿಟಿ ಸ್ಟೇಷನ್ನುಗಳ ಮೂಲಕ, ನೂರೈವತ್ತು ವರ್ಷ ದಾಟಿದ ಒಂದು ರೈಲುದಾರಿ ಹಾದುಹೋಗುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ಸಿಕಂದರಾಬಾದ್–ವಾಡಿ ದಾರಿ ಅದು. ಲಿಂಗಂಪಲ್ಲಿ, ವಿಕಾರಾಬಾದ್, ತಾಂಡೂರು ದಾಟಿದ ಮೇಲೆ ಅದು ನಮ್ಮ ಸೇಡಂ, ಮಳಖೇಡ ರೋಡ್, ಚಿತ್ತಾಪುರಗಳನ್ನು ಹಿಡಿದು ವಾಡಿಗೆ ಬಂದು ಸೇರುತ್ತದೆ. ಈ ದಾರಿಯ ಒಂದು ತುಂಡನ್ನು ಕೊಂಡಾಪುರದ ಫ್ಲಾಟಿನ ಹತ್ತಡಿ ಕೋಣೆಯಲ್ಲಿ ಪುಟ್ಟದಾಗಿ ಕಟ್ಟಬೇಕೆಂದರೆ ಏನೇನು ಮಾಡಬೇಕು, ಕಟ್ಟಿದ್ದು ಆಟಿಕೆಯಂತೆ ಕಾಣದೆ ರೈಲಿನಂತೆ ಕಾಣಬೇಕಾದರೆ ಎಲ್ಲಿ ಕೈಯಾಡಿಸಬೇಕು ಎಂಬುದೇ ಈ ಲೇಖನದ ವಿಷಯ.

"ರೈಲನ್ನು ಸಣ್ಣದು ಮಾಡೋದರಲ್ಲಿ ಏನಿದೆ ಮಹರಾಯ? ಎಲ್ಲ ಅಳತೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಆಯ್ತು" ಎಂದು ಯಾರಾದರೂ ಕೇಳಬಹುದು. ಮೊದಲು ಆ ಭಾಗಾಕಾರವನ್ನೇ ಮಾಡಿ ನೋಡೋಣ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆಗೆ ಎಚ್.ಓ. ಎಂದು ಹೆಸರು. ನಿಜದ 87 ಅಡಿ ಇಲ್ಲಿ ಒಂದಡಿ. ನಮ್ಮ ಹಳೆಯ ಐ.ಸಿ.ಎಫ್. ಬೋಗಿ ಬಫರಿನಿಂದ ಬಫರಿಗೆ ಸುಮಾರು 22.3 ಮೀಟರು, ಮಾದರಿಯಲ್ಲಿ 25.6 ಸೆಂಟಿಮೀಟರು. ಹನ್ನೆರಡು ಬೋಗಿಯ ಗಾಡಿ ಕಟ್ಟಿದರೆ ಮೂರು ಮೀಟರು ಮೀರಿತು, ಕೋಣೆಯೇ ಮುಗಿದುಹೋಯಿತು! ಹೀಗಾಗಿ ಐದು ಬೋಗಿ, ಮುಂದೊಂದು ಇಂಜಿನು, ಒಟ್ಟು ಒಂದೂವರೆ ಮೀಟರು ಎಂದು ತೃಪ್ತಿಪಡಬೇಕು. ನೋಡುವ ಕಣ್ಣು ಐದನ್ನು ಹನ್ನೆರಡೆಂದು ಒಪ್ಪಿಕೊಳ್ಳುತ್ತದೆ. ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ತಿಳಿಯುವುದೇ ಈ ಕಲೆಯ ಮೊದಲ ಪಾಠ.

ಗೇಜಿನ ವಿಷಯಕ್ಕೆ ಬಂದರೆ ತೊಡಕು ಎದುರಾಗುತ್ತದೆ. ಅಂಗಡಿಯಲ್ಲಿ ಸಿಗುವ ಎಚ್.ಓ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಅದು ಯೂರೋಪು, ಅಮೆರಿಕಗಳ 1435 ಮಿಲಿಮೀಟರಿನ ಗೇಜಿಗೆ ಹೊಂದಿಸಿದ್ದು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರು. 87ರಿಂದ ಭಾಗಿಸಿದರೆ 19.3 ಮಿಲಿಮೀಟರು ಬರಬೇಕು. ಅಂದರೆ ಕೊಂಡು ತಂದ ಹಳಿಯ ಮೇಲೆ ನಮ್ಮ ಬೋಗಿ ನಿಂತರೆ, ದಪ್ಪ ಆಸಾಮಿ ಸಣ್ಣ ಮಣೆಯ ಮೇಲೆ ಕುಳಿತಂತೆ ಕಾಣುತ್ತದೆ. ಇದಕ್ಕೆ ಮೂರು ದಾರಿ. ತಾಳ್ಮೆಯಿದ್ದವರು 19.3ಕ್ಕೆ ತಾವೇ ಹಳಿ ಜೋಡಿಸುತ್ತಾರೆ. ಕೆಲವರು ಬ್ರಾಡ್‌ಗೇಜನ್ನೇ ಬಿಟ್ಟು ನಮ್ಮ ಹಳೆಯ ಮೀಟರ್‌ಗೇಜನ್ನು ಆರಿಸಿಕೊಳ್ಳುತ್ತಾರೆ. 1000 ಮಿಲಿಮೀಟರನ್ನು ಭಾಗಿಸಿದರೆ 11.5 ಬರುತ್ತದೆ, ಸ್ವಿಸ್ ಬೆಟ್ಟದ ರೈಲುಗಳಿಗೆಂದು ಮಾಡಿದ 12 ಮಿಲಿಮೀಟರಿನ ಹಳಿ ಇದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಉಳಿದವರು 16.5ಕ್ಕೇ ಒಪ್ಪಿ, ನೋಡುವವರನ್ನು ಗಾಡಿಯ ಎದುರಿಗಲ್ಲದೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಪಕ್ಕದಿಂದ ಗೇಜು ಕಾಣುವುದಿಲ್ಲವಲ್ಲ!

ಇನ್ನು ಹಳಿಯ ಎತ್ತರ. ಆಟಿಕೆಯಂಥ ಹಳಿ 2.5 ಮಿಲಿಮೀಟರು ಎತ್ತರವಿರುತ್ತದೆ. 87ರಿಂದ ಗುಣಿಸಿ ನೋಡಿ, 22 ಸೆಂಟಿಮೀಟರು! ನಮ್ಮ 60 ಕಿಲೋ ಹಳಿಯೇ 17.2 ಸೆಂಟಿಮೀಟರು ಮಾತ್ರ. 1.9 ಮಿಲಿಮೀಟರಿನ ಹಳಿ ತಂದರೆ ಲೆಕ್ಕ ಸರಿಯಾಗುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರಿಗೆ ಸ್ವಲ್ಪವೇ ಹೆಚ್ಚು, ಆದರೂ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಹಳಿಯ ಪಕ್ಕಕ್ಕೆ ತುಕ್ಕಿನ ಕಂದು ಬಳಿದು, ಚಕ್ರ ಉಜ್ಜುವ ತಲೆಯನ್ನು ಮಾತ್ರ ಹೊಳೆಯಲು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಜಲ್ಲಿ? ರೈಲ್ವೆಯ ಜಲ್ಲಿಕಲ್ಲು 20ರಿಂದ 65 ಮಿಲಿಮೀಟರು ಗಾತ್ರದ್ದು. ಮಾದರಿಯಲ್ಲಿ ದೊಡ್ಡ ಕಲ್ಲು ಕೂಡ ಮುಕ್ಕಾಲು ಮಿಲಿಮೀಟರು, ಅಂದರೆ ಉಪ್ಪಿಟ್ಟಿನ ರವೆಗೂ ಚಿರೋಟಿ ರವೆಗೂ ನಡುವಿನದು. ಮನೆ ಕಟ್ಟುವ ಕಡೆಯೆಲ್ಲ ಬಿದ್ದಿರುವ ಕಲ್ಲಿನ ಪುಡಿಯನ್ನು ತಂದು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಸಾಕು. ಕೊಂಡಾಪುರದಲ್ಲಿ ಅದಕ್ಕೇನು ಬರವೇ? ಆದರೆ ಬಳಸುವ ಮುಂಚೆ ಅದರೊಳಗೆ ಒಂದು ಅಯಸ್ಕಾಂತವನ್ನು ಆಡಿಸಬೇಕು. ಕಬ್ಬಿಣದ ಒಂದು ಕಣ ಉಳಿದರೂ ಅದು ಇಂಜಿನಿನ ಮೋಟರಿನೊಳಗೆ ಹೋಗಿ ಕೂರುತ್ತದೆ. ಪುಡಿಯನ್ನು ಹರವಿ, ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಇಂಕ್ ಫಿಲ್ಲರಿನಿಂದ ತೊಟ್ಟಿಕ್ಕಿಸಬೇಕು. ಸೋಪಿಲ್ಲದಿದ್ದರೆ ಅಂಟು ಕೆಳಗಿಳಿಯದೆ ಮೇಲೆಯೇ ಗುಂಡಾಗಿ ನಿಂತುಬಿಡುತ್ತದೆ.

ಇಷ್ಟರವರೆಗೆ ಭಾಗಾಕಾರ ಕೈಕೊಟ್ಟಿಲ್ಲ. ಮುಂದೆ ಕೊಡುತ್ತದೆ.

ಉದ್ದವನ್ನು 87ರಿಂದ ಭಾಗಿಸಿದಾಗ ತೂಕ ಎಷ್ಟರಿಂದ ಭಾಗವಾಗಬೇಕು? ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 87ರ ಘನದಿಂದ, ಅಂದರೆ ಆರೂವರೆ ಲಕ್ಷಕ್ಕೂ ಹೆಚ್ಚು. 40 ಟನ್ನಿನ ಬೋಗಿ 61 ಗ್ರಾಂ ಆಗುತ್ತದೆ! ಅಷ್ಟು ಹಗುರಾದದ್ದು ತಿರುವಿನಲ್ಲಿ ಹಳಿ ಬಿಟ್ಟು ಉರುಳುತ್ತದೆ. ಅಮೆರಿಕದ ಮಾದರಿ ರೈಲು ಸಂಘದವರ ಶಿಫಾರಸು ಹೀಗಿದೆ: ಮೊದಲು ಒಂದು ಔನ್ಸು, ಆಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸು. ನಮ್ಮ ಹತ್ತಂಗುಲದ ಬೋಗಿಗೆ ಆರು ಔನ್ಸು, ಅಂದರೆ 170 ಗ್ರಾಂ. ಲೆಕ್ಕದ ಪ್ರಕಾರ ಇರಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು! ಹೊರನೋಟ ಸತ್ಯವಾಗಿ ಉಳಿಯಬೇಕಾದರೆ ಒಳಗೆ ಗುಟ್ಟಾಗಿ ಸೀಸದ ತುಂಡು ಅಂಟಿಸಬೇಕು ಎಂದಾಯಿತು.

ತಿರುವೂ ಹಾಗೆಯೇ. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರು. ಮಾದರಿಯಲ್ಲಿ ಎರಡು ಮೀಟರು. ಪೆಟ್ಟಿಗೆಯಲ್ಲಿ ಬರುವ ಸಾಮಾನ್ಯ ತಿರುವುಹಳಿಯ ತ್ರಿಜ್ಯ 44 ಸೆಂಟಿಮೀಟರಿಗೂ ಕಡಿಮೆ, ನಿಜದಲ್ಲಿ 38 ಮೀಟರಾಯಿತು. ಅಂಥ ತಿರುವಿನಲ್ಲಿ ನಮ್ಮ ಎಕ್ಸ್‌ಪ್ರೆಸ್ ಗಾಡಿ ತಿರುಗಿದ್ದನ್ನು ಕಂಡವರುಂಟೆ? ಆದ್ದರಿಂದ ತಿಳಿದವರು ಕಡಿದಾದ ತಿರುವನ್ನು ಗುಡ್ಡದ ಹಿಂದೆ, ಬೇವಿನ ಮರಗಳ ಹಿಂದೆ ಅಡಗಿಸಿ, ಕಾಣುವ ಭಾಗದಲ್ಲಿ ನೇರ ಹಳಿಯನ್ನೋ ವಿಶಾಲ ತಿರುವನ್ನೋ ಇಡುತ್ತಾರೆ.

ವೇಗದ ಮಾತು. ಗಂಟೆಗೆ 100 ಕಿಲೋಮೀಟರಿನ ಗಾಡಿ ಮಾದರಿಯಲ್ಲಿ ಸೆಕೆಂಡಿಗೆ 32 ಸೆಂಟಿಮೀಟರು ಹೋಗಬೇಕು, ಅಂದರೆ ಒಂದು ಮೀಟರಿಗೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು. ಸ್ಟೇಷನ್ ಯಾರ್ಡಿನಲ್ಲಿ 20 ಕಿಲೋಮೀಟರಿನ ವೇಗಕ್ಕೆ ಒಂದು ಮೀಟರಿಗೆ ಹದಿನೈದು ಹದಿನಾರು ಸೆಕೆಂಡು ಬೇಕು. ಹೊಸಬರ ಗಾಡಿಗಳೆಲ್ಲ ಬಾಣ ಬಿಟ್ಟ ಹಾಗೆ ಓಡುವುದೇಕೆಂದರೆ ಇದನ್ನು ಯಾರೂ ಗಡಿಯಾರ ಹಿಡಿದು ನೋಡುವುದಿಲ್ಲ. ನಿಧಾನವಾಗಿ, ತಡವರಿಸದೆ ಹೊರಡುವ ಇಂಜಿನು ಬಣ್ಣ ಮಾಸಿದ್ದರೂ ನಿಜವೆನಿಸುತ್ತದೆ. ಜಿಗಿದು ಹೊರಡುವ ಇಂಜಿನಿಗೆ ಎಷ್ಟು ಬಣ್ಣ ಬಳಿದರೇನು?

ನಿಧಾನ ಚಲನೆಯ ಮೊದಲ ಶತ್ರು ಕೊಳೆ. ಎರಡು ಹಳಿಗಳಲ್ಲೂ ವಿದ್ಯುತ್ತು ಹರಿದು, ಚಕ್ರದ ಮೂಲಕ ಮೋಟರಿಗೆ ಹೋಗುತ್ತದೆ. ನಡುವೆ ಧೂಳಿನ ಒಂದು ಪದರ ಬಂದರೆ ಗಾಡಿ ನಿಂತಿತು. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿಯನ್ನೂ ಚಕ್ರವನ್ನೂ ಒರೆಸುವುದು ನಿತ್ಯಕರ್ಮ. ಎರಡನೆಯ ಶತ್ರು ಪಾಯಿಂಟು. ಎರಡು ಹಳಿ ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ತುಂಡಿದ್ದರೆ ಸಣ್ಣ ಇಂಜಿನು ಅಲ್ಲಿ ಉಸಿರು ಕಳೆದುಕೊಳ್ಳುತ್ತದೆ. ಅಲ್ಲಿ ಲೋಹ ಹಾಕಿ, ಪಾಯಿಂಟು ತಿರುಗಿದ ಹಾಗೆಲ್ಲ ವಿದ್ಯುತ್ತಿನ ಧನ–ಋಣ ಅದಲುಬದಲಾಗುವಂತೆ ತಂತಿ ಜೋಡಿಸಬೇಕು. 1990ರ ದಶಕದಿಂದ ಬಂದಿರುವ ಡಿಜಿಟಲ್ ಪದ್ಧತಿಯಲ್ಲಿ ಪ್ರತಿ ಇಂಜಿನಿಗೂ ಒಂದು ಸಂಖ್ಯೆ ಕೊಟ್ಟು, ಒಂದೇ ಹಳಿಯ ಮೇಲೆ ಎರಡು ಇಂಜಿನುಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು. ಒಳಗೆ ಪುಟ್ಟ ಕೆಪಾಸಿಟರ್ ಇಟ್ಟರೆ ಅರೆಕ್ಷಣದ ಅಡಚಣೆಯನ್ನು ಅದು ದಾಟಿಸುತ್ತದೆ.

ಸದ್ದಿನಲ್ಲೂ ಲೆಕ್ಕ ಇದೆ. 1947ರಲ್ಲಿ ನಮ್ಮ ದೇಶಕ್ಕೆ ಬಂದ ಡಬ್ಲ್ಯು.ಪಿ. ಉಗಿ ಇಂಜಿನಿನ ದೊಡ್ಡ ಚಕ್ರದ ವ್ಯಾಸ 1705 ಮಿಲಿಮೀಟರು. ಎರಡು ಸಿಲಿಂಡರಿನ ಇಂಜಿನಾದ್ದರಿಂದ ಚಕ್ರ ಒಂದು ಸುತ್ತು ಬಂದರೆ ನಾಲ್ಕು ಸಲ "ಛಕ್". ಗಂಟೆಗೆ 5 ಕಿಲೋಮೀಟರಿನಲ್ಲಿ ಸೆಕೆಂಡಿಗೊಂದು. 60ರಲ್ಲಿ ಸೆಕೆಂಡಿಗೆ ಹನ್ನೆರಡು. ಆಗ ಕಿವಿಗೆ ಬಿಡಿಬಿಡಿಯಾಗಿ ಕೇಳದೆ ಒಂದೇ ಮೊರೆತವಾಗುತ್ತದೆ. ಚಕ್ರ ಓಡುವುದೊಂದು, ಸದ್ದು ಬರುವುದೊಂದು ಆದರೆ ಮಕ್ಕಳೂ ನಗುತ್ತಾರೆ. ಹೊಗೆಯ ಮಾತು ಬೇರೆ. ಹೊಗೆಯೂ ನೀರೂ 87ರಿಂದ ಭಾಗವಾಗುವ ವಸ್ತುಗಳಲ್ಲ; ಪುಟ್ಟ ಕೊಳವೆಯಿಂದ ಬರುವುದು ಊದುಬತ್ತಿಯ ಎಳೆಯಷ್ಟೆ. ಅದನ್ನು ಬಿಟ್ಟುಬಿಡುವುದೇ ಜಾಣತನ.

ಈಗ ಕೈಮರ. ಕ್ಯಾಬಿನ್ನಿನ ಸನ್ನೆಕೋಲನ್ನು ಎಳೆದಾಗ ನೂರಾರು ಮೀಟರು ತಂತಿ ಬಿಗಿದು, ತೋಳು ಮೊದಲು ತುಸು ಅಲುಗಿ, ಆಮೇಲೆ ಇಳಿಯುತ್ತಿತ್ತು. ಬಿಟ್ಟಾಗ ಅಡ್ಡಕ್ಕೆ ಬಂದು ಒಂದೆರಡು ಸಲ ಕುಪ್ಪಳಿಸಿ ನಿಲ್ಲುತ್ತಿತ್ತು. ಆ ಕುಪ್ಪಳಿಕೆಯನ್ನು ಇಂದು ಸಣ್ಣದೊಂದು ಸರ್ವೋ ಮೋಟರಿಗೆ ಕಲಿಸಬಹುದು. ರಾತ್ರಿಯ ದೀಪಕ್ಕೂ ಒಂದು ಗುಟ್ಟಿದೆ: ಸೀಮೆಎಣ್ಣೆಯ ಹಳದಿ ಜ್ವಾಲೆಯ ಮುಂದೆ ಹಸಿರು ಕಾಣಲಿ ಎಂದು ಗಾಜನ್ನು ನೀಲಿ ಬೆರೆತ ಹಸಿರಾಗಿ ಮಾಡುತ್ತಿದ್ದರು. ಬೆಳ್ಳಗಿನ ದೀಪ ಹಾಕಿದರೆ ಅದು ನೀಲಿಯಾಗಿಯೇ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಪಾಯಿಂಟು ಸರಿಯಾಗಿ ಕೂತು ಬೀಗ ಬಿದ್ದ ಮೇಲೆಯೇ ಕೈಮರ ಇಳಿಯಬೇಕು. ಪಾಯಿಂಟು ಒಂದು ಕಡೆ, ಕೈಮರ ಇನ್ನೊಂದು ಕಡೆ ತೋರಿಸಿದರೆ ಅದು ಎಷ್ಟೇ ಚೆಂದವಾಗಿರಲಿ, ರೈಲ್ವೆ ಬಲ್ಲವನಿಗೆ ಅಲ್ಲಿ ಕಾಣುವುದು ಅಪಘಾತ!

ಕೈಮರದ ಬದಲು ಇಂದಿನ ವಿದ್ಯುತ್ ದಾರಿಯನ್ನೇ ಕಟ್ಟುವವರಿಗೆ ಮೇಲಿನ ತಂತಿಯ ಪರೀಕ್ಷೆ. ಇಂಜಿನು ಮುಟ್ಟುವ ತಾಮ್ರದ ತಂತಿ ನಿಜದಲ್ಲಿ 12 ಮಿಲಿಮೀಟರು ದಪ್ಪ, ಮಾದರಿಯಲ್ಲಿ 0.14. ಹೊಲಿಗೆಯ ದಾರ ಕೂಡ ಅದರ ಮುಂದೆ ಹಗ್ಗದಂತೆ ಕಾಣುತ್ತದೆ.

ಕನ್ನಡ ವಿದ್ಯಾರ್ಥಿಗಳಾದ ನಮಗೆ ಇದೆಲ್ಲ ಯಾಕೆ ಅಂತೀರಾ? ಸ್ಟೇಷನ್ನಿನ ಹಳದಿ ಬೋರ್ಡಿನ ಹತ್ತಿರ ಬನ್ನಿ. ನಿಜದ ಬೋರ್ಡಿನಲ್ಲಿ ಅಕ್ಷರ ಮುಕ್ಕಾಲು ಅಡಿ ಎತ್ತರವೆಂದಿಟ್ಟುಕೊಂಡರೆ ಮಾದರಿಯಲ್ಲಿ ಎರಡೂವರೆ ಮಿಲಿಮೀಟರು, ಪುಸ್ತಕದ ಅಚ್ಚಿನಷ್ಟು. ಓದುವುದಕ್ಕೆ ಏನೂ ತೊಂದರೆಯಿಲ್ಲ. ತೊಂದರೆ ಬೇರೆ ಕಡೆಯಿದೆ. ಚಿತ್ರ ಬಿಡಿಸುವ ಕೆಲವು ಕಂಪ್ಯೂಟರ್ ಸಾಧನಗಳು ಒತ್ತಕ್ಷರವನ್ನು ಕೂಡಿಸಲಾರದೆ, "ಚಿತ್ತಾಪುರ"ವನ್ನು "ಚಿತ್‌ತಾಪುರ" ಮಾಡಿಬಿಡುತ್ತವೆ. ಕನ್ನಡ ಬಾರದವನಿಗೆ ಅದು ಕಾಣುವುದಿಲ್ಲ. ಜಲ್ಲಿಯ ಗಾತ್ರವನ್ನು ಕಾಲು ಮಿಲಿಮೀಟರಿಗೆ ತಿದ್ದಿದವನು, ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟದ ಸ್ಟೇಷನ್ನಿಗೆ "ಮಲಖೇಡ" ಎಂದು ಬರೆದು ಸುಮ್ಮನಾಗಬಹುದು. ಅದನ್ನು ಹಿಡಿಯುವ ಕಣ್ಣು ನಮ್ಮದು. ಬೋರ್ಡನ್ನು ಟೈಪು ಮಾಡುವುದಕ್ಕಿಂತ ಅದರ ಫೋಟೋ ತೆಗೆದು ಕುಗ್ಗಿಸುವುದು ಲೇಸು. ಬರೆದವನ ಕೈಬರಹದ ವಂಕಿ ಕೂಡ ಆಗ ಉಳಿಯುತ್ತದೆ.

ಇದು ಬರೀ ಚಂದದ ಪ್ರಶ್ನೆಯಲ್ಲ. 1992ರ ಗೇಜ್ ಪರಿವರ್ತನೆಯ ಯೋಜನೆ ನಮ್ಮ ಮೀಟರ್‌ಗೇಜ್ ದಾರಿಗಳನ್ನು ಒಂದೊಂದಾಗಿ ಅಳಿಸಿತು. ಐ.ಸಿ.ಎಫ್. ಬೋಗಿಯ ತಯಾರಿಕೆ 2018ರಲ್ಲಿ ನಿಂತಿತು. ಕೈಮರ ಕಾಣುವುದು ಅಪರೂಪವಾಗಿದೆ. ನಾಳಿನ ಮಗು ಇವನ್ನು ನೋಡುವುದು ಮಾದರಿಯಲ್ಲೇ. ಮಾದರಿ ತಪ್ಪಿದರೆ ಅದರ ನೆನಪೇ ತಪ್ಪು. ಪುಣೆಯ ಕೋಥ್ರೂಡಿನಲ್ಲಿ ಭಾವುಸಾಹೇಬ್ ಜೋಶಿಯವರು 1998ರಲ್ಲಿ ತೆರೆದ ಪುಟಾಣಿ ರೈಲುಗಳ ಮ್ಯೂಸಿಯಂ, ಒಬ್ಬರ ಹಟದಿಂದ ಎಷ್ಟಾಗಬಹುದು ಎಂಬುದಕ್ಕೆ ಸಾಕ್ಷಿ. 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನಿಜದ ಇಂಜಿನುಗಳೇ ನಿಂತಿವೆ. ಅಳತೆ ಪಟ್ಟಿ, ನೋಟ್‌ಬುಕ್ಕು ಹಿಡಿದು ಹೋಗಬಹುದು.

ಒಬ್ಬರಿಂದ ಆಗದ್ದು ಕಾಲೇಜಿನ ಗುಂಪಿನಿಂದ ಆಗುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಸಂಘದಲ್ಲಿ ಎರಡು ಪಂಗಡಗಳಿದ್ದವು: ಮೇಜಿನ ಮೇಲೆ ಬಣ್ಣ ಬಳಿಯುವವರು, ಮೇಜಿನ ಕೆಳಗೆ ತಂತಿ ಜೋಡಿಸುವವರು. ಕೆಳಗಿನವರು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳಿಂದ ಇಡೀ ದಾರಿಯನ್ನು ನಡೆಸಿದರು. ಕಂಪ್ಯೂಟರ್ ಲೋಕದ "ಹ್ಯಾಕರ್" ಎಂಬ ಮಾತು ಬೆಳೆದದ್ದು ಅವರ ನಡುವೆ. ನಮ್ಮಲ್ಲೂ ಭೌತಶಾಸ್ತ್ರದವರು ಕೆಳಗೆ ಕೂರಲಿ, ಚಿತ್ರ ಬರೆಯುವವರು ಮೇಲೆ ನಿಲ್ಲಲಿ, ಕನ್ನಡದವರು ಬೋರ್ಡು ತಿದ್ದಲಿ. ಮೊದಲಿಗೆ ಎರಡಡಿ ಹಲಗೆ, ಒಂದು ಪಾಯಿಂಟು, ಒಂದು ಕೈಮರ ಸಾಕು. ಗಾಡಿ ತಡವರಿಸದೆ ಹತ್ತು ಸಲ ಹೋಗಿ ಬರುವವರೆಗೆ ಗಿಡ, ಮರ, ಮನೆಗಳ ಗೊಡವೆ ಬೇಡ. ಓಟ ಸರಿಹೋದ ಮೇಲೆ ಹಳಿಯ ತುಕ್ಕು, ಆಮೇಲೆ ಜಲ್ಲಿ, ಆಮೇಲೆ ಬೋರ್ಡು. ಹಲಗೆಗೆ ಯಾವ ಸ್ಟೇಷನ್ನಿನ ಹೆಸರಿಡಬೇಕೆಂಬುದನ್ನು ಮಾತ್ರ ಮೊದಲೇ ನಿರ್ಧರಿಸಿ, ರಜೆಯಲ್ಲಿ ಊರಿಗೆ ಹೋಗುವಾಗ ಅಲ್ಲಿಳಿದು, ಸ್ಟೇಷನ್ ಮಾಸ್ತರರ ಅಪ್ಪಣೆ ಕೇಳಿ, ಪ್ಲಾಟ್‌ಫಾರ್ಮಿನ ಅಗಲವನ್ನೂ ಬೋರ್ಡಿನ ಎತ್ತರವನ್ನೂ ಅಳೆದು ಬರೆದುಕೊಂಡು ಬನ್ನಿ.