ಸೇನಾಪತಿಯ ಹೊಲ

ಖಾನಾಪುರ ತಾಲ್ಲೂಕಿನ ಹಲಸಿಗೆ ಬಂದವರು ಭೂವರಾಹ ನರಸಿಂಹನ ಗುಡಿ ನೋಡಿ ಮರಳುತ್ತಾರೆ. ಅದು ಗೋವೆಯ ಕದಂಬರ ಕಾಲದ್ದು, ಹನ್ನೆರಡನೆಯ ಶತಮಾನದ್ದು. ಅದಕ್ಕೂ ಆರೇಳು ನೂರು ವರ್ಷ ಮೊದಲು ಈ ಊರು ಪಲಾಶಿಕಾ ಎಂಬ ಹೆಸರಿನಲ್ಲಿ ಬನವಾಸಿ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಆ ಪಲಾಶಿಕೆಯ ಬದುಕು ನಮಗೆ ಸಿಕ್ಕಿದ್ದು ಊರ ಹೊರಗಿನ ಒಂದು ಮಣ್ಣಿನ ದಿಬ್ಬದಲ್ಲಿ.

ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಸಣ್ಣ ಬಾವಿಯಿದೆ. 1860ರ ಸುಮಾರಿಗೆ ಅದರ ಪಕ್ಕದ ದಿಬ್ಬದಲ್ಲಿ ಏಳು ತಾಮ್ರಶಾಸನಗಳು ಸಿಕ್ಕವು. ಅವನ್ನು ಓದಿದವರು ಮುಂಬಯಿ ಪ್ರಾಂತ್ಯದ ಅಧಿಕಾರಿ ಜೆ. ಎಫ್. ಫ್ಲೀಟ್. ಮೊದಲು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಮತ್ತೆ 1877ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪಾಠ, ಅನುವಾದ ಎರಡನ್ನೂ ಅಚ್ಚು ಹಾಕಿಸಿದರು. ಆಗಿನ್ನೂ ತಾಳಗುಂದದ ಕಂಬದ ಶಾಸನ ವಿದ್ವಾಂಸರ ಕೈಗೆ ಬಂದಿರಲಿಲ್ಲ. ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ಕದಂಬ ವಂಶ ಕಟ್ಟಿದ ಮಯೂರಶರ್ಮನ ಕತೆ ಹೊರಬಂದದ್ದು ಆಮೇಲೆ.

ಏಳರಲ್ಲಿ ಹಳೆಯದು ಕದಂಬ ಕಾಕುಸ್ಥವರ್ಮನದು. ಆಗ ಅವನಿನ್ನೂ ಯುವರಾಜ. ಖೇಟವೆಂಬ ಗ್ರಾಮದಲ್ಲಿ ಬದೋವರ ಎಂಬ ಹೊಲವನ್ನು ಸೇನಾಪತಿ ಶ್ರುತಕೀರ್ತಿಗೆ ಕೊಡುತ್ತಾನೆ. ತನ್ನನ್ನು ಕಾಪಾಡಿದ್ದಕ್ಕಾಗಿ ಎಂದು ಫ್ಲೀಟ್ ಓದಿದರು. ಎಲ್ಲಿಯ ಕಾಳಗ, ಎದುರಾಳಿ ಯಾರು ಎಂಬ ಮಾತೇ ಪಟದಲ್ಲಿಲ್ಲ. ಹೊಲದ ಹೆಸರು ಮಾತ್ರ ಸ್ಪಷ್ಟವಾಗಿ ಉಳಿದಿದೆ.

ನನಗೆ ಈ ಶಾಸನಗಳ ಜೀವ ಕಾಣುವುದು ಮುಂದಿನ ಪಟಗಳಲ್ಲಿ. ಕಾಕುಸ್ಥನ ಮರಿಮಗ ರವಿವರ್ಮನ ಶಾಸನ ಅದೇ ಮನೆತನದ ಕತೆಯನ್ನು ಬೇರಿನಿಂದ ಹೇಳುತ್ತದೆ. ಶ್ರುತಕೀರ್ತಿ ತೀರಿಕೊಂಡ ಮೇಲೆ, ತಂದೆ ಶಾಂತಿವರ್ಮನ ಆಜ್ಞೆಯಂತೆ ಅರಸು ಮೃಗೇಶವರ್ಮ ಆ ಆಸ್ತಿಯನ್ನು ಅದೇ ಮನೆತನದ ದಾಮಕೀರ್ತಿಯ ತಾಯಿಗೆ ಕೊಟ್ಟ. ದಾಮಕೀರ್ತಿಯ ಹಿರಿಮಗ ಜಯಕೀರ್ತಿ ಅರಮನೆಯ ಬಾಗಿಲು ಕಾಯುವ ಪ್ರತಿಹಾರಿಯಾದ. ಅವನ ಕಾಲಕ್ಕೆ ಪುರುಖೇಟಕ ಗ್ರಾಮದ ಹುಟ್ಟುವಳಿ ಜಿನಪೂಜೆಗೆ ಸಂದಿತು: ಕಾರ್ತಿಕ ಹುಣ್ಣಿಮೆಗೆ ಎಂಟು ದಿನದ ಉತ್ಸವ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ಪಂಥದ ಜೈನ ಮುನಿಗಳಿಗೆ ಊಟ. ಖಾನಾಪುರದ ಮಳೆಗಾಲ ಕಂಡವರಿಗೆ ಈ ನಾಲ್ಕು ತಿಂಗಳ ಬೆಲೆ ಗೊತ್ತು. ಯತಿ ಹೊರಗೆ ಕಾಲಿಡಲಾಗದ ಕಾಲಕ್ಕೆ ಅನ್ನ ಬಂದದ್ದು ಸೇನಾಪತಿಯ ಮುಂದಿನವರ ಕಾಲದಲ್ಲಿ, ಅದೇ ಮನೆಯಿಂದ.

ಪಲಾಶಿಕೆಯೂ ಸೇನಾಪತಿಗಳ ಊರೇ; ಆದರೂ ಕತ್ತಿಯ ನಾಡು ಎಂದರೆ ಜಗತ್ತಿಗೆ ನೆನಪಾಗುವುದು ಗ್ರೀಸಿನ ಸ್ಪಾರ್ಟಾ. ಏಳು ವರ್ಷಕ್ಕೇ ಗಂಡುಮಕ್ಕಳನ್ನು ಮನೆಯಿಂದ ಬಿಡಿಸಿ ತಾಲೀಮಿಗೆ ಹಾಕುತ್ತಿದ್ದ, ಹೆಲಟ್‌ ಎಂಬ ಜೀತದವರಿಂದ ಹೊಲ ಉಳುಮೆ ಮಾಡಿಸುತ್ತಿದ್ದ ಊರು. ಆದರೆ ಅದರ ಬಗ್ಗೆ ನಮಗೆ ಹೇಳಿದವರು ಬಹುಪಾಲು ಹೊರಗಿನವರು: ಅಥೆನ್ಸಿನ ಕ್ಸೆನೊಫಾನ್, ಶತಮಾನಗಳ ನಂತರದ ಪ್ಲುಟಾರ್ಕ್. ಅಲ್ಲಿನ ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರ ಕೈ ಸೇರಿತ್ತೆಂದು ದೂರಿದ ಅರಿಸ್ಟಾಟಲನೂ ಸ್ಪಾರ್ಟಾದವನಲ್ಲ. ಪಲಾಶಿಕೆಯಲ್ಲಿ ದಾಮಕೀರ್ತಿಯ ತಾಯಿಗೆ ಆಸ್ತಿ ಸಂದದ್ದನ್ನು ಅದೇ ನಾಡಿನ ಅರಸು ತಾಮ್ರದಲ್ಲಿ ಬರೆಸಿದ. ಅವಳ ಹೆಸರನ್ನೂ ಬರೆಸಿದ್ದರೆ ಎಷ್ಟು ಚೆನ್ನಾಗಿತ್ತು!

ಹಾಗೆಂದು ಕದಂಬರು ಕಾಳಗ ಬಿಟ್ಟವರಲ್ಲ. ರವಿವರ್ಮ ವಿಷ್ಣುವರ್ಮನೆಂಬ ಅರಸನನ್ನು ಕೊಂದು, ಕಂಚಿಯ ಒಡೆಯ ಚಂಡದಂಡನನ್ನು ಸೋಲಿಸಿ ಪಲಾಶಿಕೆಯಲ್ಲಿ ನೆಲೆಯಾದವನು. ಅಂಥವನ ಶಾಸನವೇ, ಜಿನಪೂಜೆ ನಡೆಯುವಲ್ಲಿ ನಾಡು ಬೆಳೆಯುತ್ತದೆ, ಪಟ್ಟಣಗಳಿಗೆ ಭಯವಿರುವುದಿಲ್ಲ ಎನ್ನುತ್ತದೆ. ಅವನ ತಂದೆ ಮೃಗೇಶವರ್ಮ ಇಲ್ಲೇ ತನ್ನ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರೂ ಜೈನ ಪಂಥಗಳಿಗೆ 33 ನಿವರ್ತನ ಭೂಮಿ ಬಿಟ್ಟಿದ್ದ. ರವಿವರ್ಮನ ತಮ್ಮ ಭಾನುವರ್ಮನ ಕಾಲದ ದಾನ ಇನ್ನೂ ಚಿಕ್ಕದು: ಪ್ರತಿ ಹುಣ್ಣಿಮೆಯ ಅಭಿಷೇಕಕ್ಕೆ ಪಂಡರನೆಂಬ ಭೋಜಕ ಕೊಟ್ಟ 15 ನಿವರ್ತನ.

ಕೊನೆಯ ಎರಡು ಪಟ ರವಿವರ್ಮನ ಮಗ ಹರಿವರ್ಮನವು. ಅಲ್ಲೂ ಒಬ್ಬ ಸೇನಾಪತಿಯಿದ್ದಾನೆ, ಸಿಂಹನೆಂದು ಹೆಸರು. ಅವನ ಮಗ ಮೃಗೇಶ ಪಲಾಶಿಕೆಯಲ್ಲಿ ಬಸದಿ ಕಟ್ಟಿಸಿದ್ದ. ಅದರ ವರ್ಷದ ಎಂಟು ದಿನದ ಪೂಜೆಗೆ, ಚಿಕ್ಕಪ್ಪ ಶಿವರಥನ ಮಾತಿನಂತೆ, ಹರಿವರ್ಮ ವಸುಂತವಾಟಕ ಗ್ರಾಮವನ್ನು ಬಿಟ್ಟುಕೊಟ್ಟ.