ಜೂನ್ ಒಂದಕ್ಕೆ ಆರು ತುಂಬಿರಬೇಕು

ಜನನ ಪತ್ರವೆಂಬುದು ಅಪರೂಪವಾಗಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳ ಮೇಷ್ಟರು ಮಗುವಿನ ವಯಸ್ಸು ಅಳೆಯಲು ಒಂದು ಉಪಾಯ ಇಟ್ಟುಕೊಂಡಿದ್ದರು. 'ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ನೋಡೋಣ' ಎನ್ನುತ್ತಿದ್ದರು. ಬೆರಳಿಗೆ ಕಿವಿ ಸಿಕ್ಕಿದರೆ ಒಂದನೇ ತರಗತಿಗೆ ದಾಖಲು. ಸಿಗದಿದ್ದರೆ ಮುಂದಿನ ವರ್ಷ. ನಗುವಂಥ ಪರೀಕ್ಷೆಯೇನಲ್ಲ ಇದು. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ವರ್ಷಗಳು ಕಳೆದಂತೆ ತಲೆಗಿಂತ ಕೈಕಾಲುಗಳು ಬೇಗ ಬೆಳೆಯುತ್ತವೆ. ಆರರ ಆಸುಪಾಸಿನಲ್ಲಿ ಕೈ ಕಿವಿಯನ್ನು ತಲುಪುತ್ತದೆ. ಮೇಷ್ಟರ ಅಂದಾಜು ಒಂದೆರಡು ವರ್ಷ ಆಚೀಚೆ ಆಗುತ್ತಿತ್ತು, ಅಷ್ಟೆ. ಇನ್ನು ದಾಖಲಾತಿ ಪುಸ್ತಕಕ್ಕೆ ತಾರೀಕು ಬೇಕಲ್ಲ? ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಸರ್ಕಾರಿ ನೌಕರರಲ್ಲಿ ಮೇ 31ಕ್ಕೆ ನಿವೃತ್ತರಾಗುವವರ ಸಾಲು ಅಷ್ಟು ಉದ್ದ ಇರುವುದಕ್ಕೆ ಕಾರಣ ಹುಡುಕುವವರು ಇದನ್ನು ನೆನಪಿಡಬಹುದು.

ಅದೇ ಜೂನ್ 1 ಈಗ ಮೇಷ್ಟರ ಕೈ ಬಿಟ್ಟು ಸರ್ಕಾರದ ಆದೇಶ ಸೇರಿದೆ. ಒಂದೇ ಒಂದು ದಿನದ ವ್ಯತ್ಯಾಸಕ್ಕೆ ಮಗುವಿನ ಒಂದು ವರ್ಷ ಹೋಗುವ ಮಾತಾದ್ದರಿಂದ ರಾಜ್ಯದ ಎಳೆಯ ಮಕ್ಕಳ ತಂದೆ-ತಾಯಂದಿರು ಮೂರು ವರ್ಷ ಇದರ ಹಿಂದೆ ಓಡಾಡಿದರು. ಎರಡು ಬಾರಿ ಸರ್ಕಾರವನ್ನು ಮಣಿಸಿದರು. ಗೆದ್ದದ್ದು ಏನು, ಗೆಲ್ಲದೆ ಉಳಿದದ್ದು ಏನು ಎಂದು ಸಾವಧಾನವಾಗಿ ನೋಡುವುದು ಒಳ್ಳೆಯದು.

2022ರವರೆಗೆ ನಮ್ಮಲ್ಲಿ ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದ್ದರೆ ಒಂದನೇ ತರಗತಿಗೆ ಪ್ರವೇಶ ಸಿಗುತ್ತಿತ್ತು. ಆ ವರ್ಷದ ಜುಲೈನಲ್ಲಿ ಶಿಕ್ಷಣ ಇಲಾಖೆ ಅದನ್ನು ಪೂರ್ತಿ 6 ವರ್ಷಕ್ಕೆ ಏರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಡುವುದು 6ರಿಂದ 14 ವರ್ಷದ ಮಕ್ಕಳಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೇ ತರಗತಿಗೆ 6 ಎಂದೇ ಹೇಳಿತು. ಹೊಸ ನಿಯಮ 2023-24ರಿಂದಲೇ ಜಾರಿ ಎಂದಾಗ ಹೆತ್ತವರಿಂದ ಆಕ್ಷೇಪಣೆಗಳ ಮಳೆ ಸುರಿಯಿತು. ಎಲ್.ಕೆ.ಜಿ., ಯು.ಕೆ.ಜಿ.ಯಲ್ಲಿ ಆಗಲೇ ಕುಳಿತಿರುವ ಮಕ್ಕಳನ್ನು ಎಲ್ಲಿಗೆ ಕಳಿಸುವುದು ಎಂಬ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ನವೆಂಬರ್‌ನಲ್ಲಿ ಇಲಾಖೆ ಜಾರಿಯ ವರ್ಷವನ್ನು 2025-26ಕ್ಕೆ ಮುಂದೂಡಿತು.

2025 ಬಂತು, ಮತ್ತೆ ಅದೇ ಕೂಗು. ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ನಮ್ಮ ಜಿಲ್ಲೆಯ ಸೊರಬದ ಶಾಸಕರು. ಮೊದಲು ಸಡಿಲಿಕೆ ಇಲ್ಲ ಎನ್ನುತ್ತಿದ್ದವರು ರಾಜ್ಯ ಶಿಕ್ಷಣ ನೀತಿ ಆಯೋಗದ ಅಭಿಪ್ರಾಯ ಪಡೆದು, ಏಪ್ರಿಲ್ 16ರಂದು ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು, ಆದರೆ ಯು.ಕೆ.ಜಿ. ಮುಗಿಸಿರಬೇಕು ಎಂದು ಪ್ರಕಟಿಸಿದರು. 2026-27ರಿಂದ 6 ವರ್ಷ ಕಡ್ಡಾಯ ಎಂದೂ ಅಂದೇ ಸೇರಿಸಿದರು.

ಆ ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗ-ಭದ್ರಾವತಿ ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ ಇದೊಂದೇ ಮಾತು ಕಿವಿಗೆ ಬೀಳುತ್ತಿತ್ತು. ಭದ್ರಾವತಿಯ ಒಬ್ಬ ತಂದೆ, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ನನ್ನ ಪಕ್ಕದಲ್ಲಿ ಕುಳಿತು ಹೇಳಿದ್ದು ಇದು: 'ಸಾರ್, ನಮ್ಮ ಹುಡುಗಿಗೆ ಹನ್ನೊಂದು ದಿನ ಕಮ್ಮಿ. ಹನ್ನೊಂದು ದಿನಕ್ಕೆ ಇನ್ನೊಂದು ವರ್ಷ ಯು.ಕೆ.ಜಿ. ಫೀಜು ಕಟ್ಟು ಅಂತಾರೆ. ಅವಳೇನು ಫೇಲಾಗಿದ್ದಾಳಾ?' ಈ ಮಾತಿನ ತೂಕ ಭದ್ರಾವತಿಯನ್ನು ಬಲ್ಲವರಿಗೆ ಗೊತ್ತು. ಕಾಗದದ ಕಾರ್ಖಾನೆ ನಿಂತು ಹೋಗಿ ವರ್ಷಗಳೇ ಆದವು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣ-ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರ ಜನವರಿಯಲ್ಲಿ ಪ್ರಕಟಣೆ ಬಂದ ಮೇಲೆ ಊರಿನ ನಿದ್ದೆ ಕೆಟ್ಟಿತು. ತಿಂಗಳ ಸಂಬಳ ನೆಚ್ಚಿ ಕೂರುವಂತಿಲ್ಲದ ಮನೆಯಲ್ಲಿ ಒಂದು ವರ್ಷದ ಫೀಜೆಂದರೆ ಸಣ್ಣ ಮಾತಲ್ಲ. 'ಅವಳೇನು ಫೇಲಾಗಿದ್ದಾಳಾ' ಎಂಬ ಪ್ರಶ್ನೆಯಂತೂ ಫೀಜಿಗಿಂತ ದೊಡ್ಡದು. ಜೊತೆಯವರೆಲ್ಲ ಹೊಸ ಕೋಣೆಗೆ ಹೋದಾಗ ಹಳೆಯ ಕೋಣೆಯಲ್ಲೇ ಉಳಿಯುವ ಮಗುವಿಗೆ ಸುತ್ತೋಲೆಯ ಸಂಖ್ಯೆ ಹೇಳಿ ಸಮಾಧಾನ ಮಾಡಲಾಗದು.

ಸಡಿಲಿಕೆಯಿಂದ ಆ ಹುಡುಗಿ ಒಂದನೇ ತರಗತಿ ಸೇರಿರಬೇಕು. ಸಂತೋಷ. ಆದರೆ ಇಲ್ಲೊಂದು ಲೆಕ್ಕವಿದೆ. ಹೈಸ್ಕೂಲು ಮಕ್ಕಳು ಕಾಗದದ ಮೇಲೆ ಮಾಡಿ ನೋಡಬಹುದು.

2025ರ ಜೂನ್ 1ಕ್ಕೆ 5 ವರ್ಷ 5 ತಿಂಗಳು ಎಂದರೆ 2020ರ ಜನವರಿ 1 ಅಥವಾ ಅದಕ್ಕೆ ಮೊದಲು ಹುಟ್ಟಿದವರು. 6 ವರ್ಷ ಎಂದರೆ 2019ರ ಜೂನ್ 1 ಅಥವಾ ಅದಕ್ಕೆ ಮೊದಲು ಹುಟ್ಟಿದವರು. ಹಿಂದಿನ ವರ್ಷ ಹಳೆಯ ನಿಯಮದಂತೆ 2019ರ ಜನವರಿ 1ರವರೆಗೆ ಹುಟ್ಟಿದವರು ಆಗಲೇ ಸೇರಿಯಾಗಿತ್ತು. 6 ವರ್ಷದ ನಿಯಮ ಆ ವರ್ಷವೇ ಜಾರಿಯಾಗಿದ್ದರೆ ಹೊಸದಾಗಿ ಸೇರಬೇಕಾಗಿದ್ದುದು 2019ರ ಜನವರಿ 2ರಿಂದ ಜೂನ್ 1ರವರೆಗೆ ಹುಟ್ಟಿದ ಮಕ್ಕಳು ಮಾತ್ರ. ಅಂದರೆ ಐದು ತಿಂಗಳ ಮಕ್ಕಳು. ಉಳಿದ ಏಳು ತಿಂಗಳ ಮಕ್ಕಳು ಹೊರಗೆ. ರಾಜ್ಯದ ಒಂದನೇ ತರಗತಿಗಳು ಅರ್ಧಕ್ಕಿಂತ ಹೆಚ್ಚು ಖಾಲಿಯಾಗುತ್ತಿದ್ದವು. ಹೆತ್ತವರ ಜೊತೆ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳೂ ದನಿ ಸೇರಿಸಿದ್ದು ಮಕ್ಕಳ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ ಎಂದು ಹೇಳಿದರೆ ಯಾರೂ ಕೋಪಿಸಿಕೊಳ್ಳಬಾರದು.

ಈಗ ಸಡಿಲಿಕೆ ಏನು ಮಾಡಿತು? ಆ ಏಳು ತಿಂಗಳ ಹೊರೆಯನ್ನು ಮುಂದಿನ ವರ್ಷದ ಮಕ್ಕಳ ಹೆಗಲಿಗೆ ದಾಟಿಸಿತು. 2026-27ರ ಲೆಕ್ಕಕ್ಕೆ 2020ರ ಜೂನ್ 2ರಿಂದ 2021ರ ಜನವರಿ 1ರವರೆಗೆ ಹುಟ್ಟಿದವರು ಅದೇ ಬಾಗಿಲಿಗೆ ಬರುತ್ತಾರೆ. ನಿಯಮ ಯಾವ ವರ್ಷ ಬದಲಾಗಲಿ, ಯಾವುದೋ ಒಂದು ತಂಡದ ಏಳು ತಿಂಗಳ ಮಕ್ಕಳು ಒಮ್ಮೆ ಕಾಯಲೇಬೇಕು. ನಮ್ಮ ಮಗು ದಾಟಿದರೆ ಸಾಕು ಎಂದು ಹೋರಾಟ ನಿಲ್ಲಿಸಿದ ಹೆತ್ತವರಲ್ಲಿ ಕೆಲವರಿಗೆ ಎರಡನೆಯ ಮಗುವಿನ ಸರದಿಗೆ ಇದು ಅರ್ಥವಾಗುತ್ತದೆ.

ತಪ್ಪು ಎಲ್ಲಿ ಎಂದು ಹುಡುಕುತ್ತ ಹೋದರೆ ಒಂದನೇ ತರಗತಿಯ ಬಾಗಿಲಲ್ಲಿ ಅದು ಸಿಗುವುದಿಲ್ಲ, ಎಲ್.ಕೆ.ಜಿ.ಯ ಬಾಗಿಲಲ್ಲಿ ಸಿಗುತ್ತದೆ. 2025ರಲ್ಲಿ ಒಂದನೇ ತರಗತಿ ಸೇರಬೇಕಾದ ಮಗು ಎಲ್.ಕೆ.ಜಿ.ಗೆ ಸೇರಿದ್ದು 2023ರ ಜೂನ್‌ನಲ್ಲಿ. ಮುಂದೂಡಿದ ಆದೇಶ ಬಂದದ್ದು ಅದಕ್ಕೂ ಏಳು ತಿಂಗಳು ಮೊದಲು. ಜೂನ್ 1ಕ್ಕೆ ನಾಲ್ಕು ತುಂಬದ ಮಗುವಿಗೆ ಎಲ್.ಕೆ.ಜಿ.ಯಲ್ಲಿ ಜಾಗ ಕೊಟ್ಟು, ಫೀಜು ತೆಗೆದುಕೊಂಡು, ಎರಡು ವರ್ಷದ ನಂತರ ತೊಂದರೆ ಆದೀತು ಎಂದು ಹೇಳದ ಶಾಲೆಯವರದು ದೊಡ್ಡ ಪಾಲು. ಆದೇಶವನ್ನು ಶಿಶುವಿಹಾರಗಳ ಗೋಡೆಯ ಮೇಲೆ ಅಂಟಿಸುವಂತೆ ನೋಡಿಕೊಳ್ಳದ ಇಲಾಖೆಯದು ಇನ್ನೊಂದು ಪಾಲು. ಹೆತ್ತವರದೂ ಒಂದಿಷ್ಟು ಇದೆ. ಮಗುವನ್ನು ಎರಡೂವರೆ ವರ್ಷಕ್ಕೇ ಪ್ಲೇಹೋಮಿಗೆ ಬಿಟ್ಟು 'ಒಂದು ವರ್ಷ ಉಳಿಯಿತು' ಎಂದು ಲೆಕ್ಕ ಹಾಕುವುದನ್ನು ನಾನು ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಉಳಿದ ಆ ವರ್ಷವನ್ನು ಯಾವ ಬ್ಯಾಂಕಿನಲ್ಲಿ ಇಡುತ್ತಾರೋ ತಿಳಿಯದು.

ಆರು ವರ್ಷ ಸರಿಯೇ ಎಂದು ಕೇಳುವವರಿಗೆ ನನ್ನ ಉತ್ತರ, ಸರಿ. ಐದೂವರೆಯ ಮಗುವಿಗೂ ಆರು ದಾಟಿದ ಮಗುವಿಗೂ ಏಳು ತಿಂಗಳ ಅಂತರವೆಂದರೆ ಅದರ ಆಯುಸ್ಸಿನ ಹತ್ತನೆಯ ಒಂದು ಭಾಗ. ಪೆನ್ಸಿಲ್ ಹಿಡಿಯುವ ಬೆರಳ ಸ್ನಾಯು, ಒಂದೇ ಕಡೆ ಕೂರುವ ತಾಳ್ಮೆ ಈ ಏಳು ತಿಂಗಳಲ್ಲಿ ಬಹಳ ಬಲಿಯುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣು ತೆರೆಸುವಂತಿದೆ. ಅಲ್ಲಿ ಪ್ರವೇಶದ ಗಡಿ ಡಿಸೆಂಬರ್ 31. ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರ್‌ನಲ್ಲಿ ಹುಟ್ಟಿದ, ಅಂದರೆ ತರಗತಿಗೇ ಕಿರಿಯರಾದ ಹುಡುಗರಿಗೆ 'ಗಮನ ನಿಲ್ಲದ, ಅತಿ ಚಟುವಟಿಕೆಯ ಕಾಯಿಲೆ' ಎಂಬ ಹಣೆಪಟ್ಟಿ ಬೀಳುವುದು ಶೇಕಡ 30ರಷ್ಟು ಹೆಚ್ಚು. ಎಳಸುತನವೇ ಕಾಯಿಲೆಯೆಂದು ಕಂಡಿತ್ತು! ಫಿನ್‌ಲೆಂಡಿನಲ್ಲಿ ಮಗು ಏಳಕ್ಕೆ ಕಾಲಿಡುವ ವರ್ಷ ಒಂದನೇ ತರಗತಿ. ಓದಿನಲ್ಲಿ ಆ ದೇಶ ಹಿಂದೆ ಬಿದ್ದಿದೆ ಎಂದು ಯಾರೂ ಹೇಳಿಲ್ಲ. ಆದರೆ ಇದೂ ನಿಜ: ಗಡಿಯನ್ನು ಎಲ್ಲಿ ಎಳೆದರೂ ಜೂನ್ 2ರ ಮಗು ಒಂದು ಇದ್ದೇ ಇರುತ್ತದೆ. ಆರು ತುಂಬಿದವರ ತರಗತಿಯಲ್ಲೂ ಒಬ್ಬ ಕಿರಿಯ ಇರುತ್ತಾನೆ, ಅವನನ್ನು ದಡ್ಡನೆಂದು ಕರೆಯುವ ಅವಸರ ಶಿಕ್ಷಕರಿಗೆ ಬೇಡ.

ನ್ಯಾಯಾಲಯಕ್ಕೆ ಹೋದರೆ? ಕರ್ನಾಟಕದ ಹೆತ್ತವರಿಗೆ ಆ ದಾರಿ ಹೊಸದಲ್ಲ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷಾ ಮಾಧ್ಯಮ ಎಂಬ ವಿಷಯದಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳ ಪೋಷಕರ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಗಿ 1993ರಲ್ಲಿ ಸೋತಿತು. ಅದೇ ವಿವಾದ ಮುಂದುವರಿದು 2014ರ ಮೇ 6ರಂದು ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ಹೆತ್ತವರದೆಂದು ತೀರ್ಪಿತ್ತಿತು. ವಯಸ್ಸಿನ ವಿಷಯದಲ್ಲಿ ಮಾತ್ರ ಕಾನೂನಿನ ಗಾಳಿ ಹೆತ್ತವರ ಕಡೆಗಿಲ್ಲ. ಕೇಂದ್ರೀಯ ವಿದ್ಯಾಲಯಗಳು 2022ರಲ್ಲಿ 6 ವರ್ಷದ ನಿಯಮ ತಂದಾಗ ದೆಹಲಿ ಹೈಕೋರ್ಟೂ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿದವು. ಹಕ್ಕು ಆರಂಭವಾಗುವುದೇ ಆರಕ್ಕೆ. ಅದಕ್ಕೆ ಮೊದಲಿನ ಮಗುವಿನ ಆರೈಕೆ ಮತ್ತು ಶಿಕ್ಷಣಕ್ಕೆ ಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಸರ್ಕಾರಕ್ಕೆ ಹೇಳುತ್ತದೆಯೇ ಹೊರತು, ಒಂದನೇ ತರಗತಿಯ ಸೀಟನ್ನು ಕೊಡುವುದಿಲ್ಲ. ಆದ್ದರಿಂದ ಹೆತ್ತವರ ಕೈಯಲ್ಲಿ ಉಳಿದದ್ದು ಮನವಿಪತ್ರ. ಅದು ಫಲ ಕೊಟ್ಟದ್ದು 'ನಮ್ಮ ಮಗು ಬಲು ಬುದ್ಧಿವಂತ' ಎಂಬ ವಾದದಿಂದಲ್ಲ. ಮಧ್ಯದಾರಿಯಲ್ಲಿ ನಿಯಮ ಬದಲಾಯಿಸಬೇಡಿ ಎಂಬ ವಾದದಿಂದ.

ಇನ್ನು ಮುಂದೆ ಓಡಾಡಬೇಕಾದ ಎಳೆಯ ದಂಪತಿಗಳಿಗೆ ಕೆಲವು ಸಂಗತಿ. ಎಲ್.ಕೆ.ಜಿ. ಫೀಜು ಕಟ್ಟುವ ಮೊದಲು ಆ ವರ್ಷದ ವಯೋಮಿತಿ ಆದೇಶದ ಪ್ರತಿಯನ್ನು ಶಾಲೆಯಲ್ಲಿ ಕೇಳಿ. ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಆರು ತುಂಬಿದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯಿದೆಯ 14ನೇ ಸೆಕ್ಷನ್ ಹಾಗೆನ್ನುತ್ತದೆ.

ಹಾಗೆಂದು ಜನನ ಪತ್ರವನ್ನು ಅಲಕ್ಷಿಸಬೇಡಿ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿಯಾಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು. ಮನೆಯಲ್ಲಾದರೆ ಮನೆಯ ಯಜಮಾನರದು. ಒಂದು ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. 1969ರ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1 ಅಥವಾ ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶವೂ ಸೇರಿ ಹಲವು ಕೆಲಸಗಳಿಗೆ ಜನನ ದಿನಾಂಕದ ಪುರಾವೆಯೆಂದರೆ ಜನನ ಪತ್ರವೇ. 6 ವರ್ಷದ ನಿಯಮ ಹೀಗೆಯೇ ಉಳಿದರೆ ಆ ದಿನ ಹುಟ್ಟಿದ ಮಗು ಎಲ್.ಕೆ.ಜಿ. ಬಾಗಿಲಿಗೆ ಬರಬೇಕಾದದ್ದು 2028ರಲ್ಲಿ, ಒಂದನೇ ತರಗತಿಗೆ 2030ರಲ್ಲಿ. ಅಂದು ಅದರ ವಯಸ್ಸು ಸರಿಯಾಗಿ 6 ವರ್ಷ 8 ತಿಂಗಳು.