ದೆವ್ವಕ್ಕೂ ಫೋಟೋ ಬಂತು ಸ್ವಾಮಿ!

ಅಗ್ರಹಾರದ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರಿಗೆ ಮೊದಲು ಇದ್ದ ಕೆಲಸ ಎರಡೇ. ಒಂದು, ಬಸ್ಸು ಬರುವ ದಿಕ್ಕಿಗೆ ಕತ್ತು ಉದ್ದ ಮಾಡುವುದು. ಇನ್ನೊಂದು, ಪಕ್ಕದವರ ಕೈಲಿರುವ ಸಂಜೆ ಪತ್ರಿಕೆಯನ್ನು ಓರೆಗಣ್ಣಿನಲ್ಲಿ ಓದಿ ಮುಗಿಸುವುದು. ಈಗ ಮೊಬೈಲು ಬಂದು ಎರಡನ್ನೂ ನುಂಗಿ ಹಾಕಿದೆ. ಆ ಮೊಬೈಲಿನೊಳಗೆ ಎ.ಐ. ಅನ್ನೋ ಕೃತಕ ಬುದ್ಧಿ ಬಂದು ಕೂತಿದೆ. ಅದಕ್ಕೆ ಊಟ ತಿಂಡಿ ಬೇಡ, ಕುಂಚ ಬಣ್ಣ ಬೇಡ. 'ಅರಮನೆ ಗೋಪುರದ ಮೇಲೆ ಹಾರುವ ತಟ್ಟೆ ಇಳೀತಿದೆ' ಅಂತ ಒಂದು ಸಾಲು ಬರೆದು ಕೊಡಿ. ಬಸ್ಸು ಬರೋದ್ರೊಳಗೆ ಚಿತ್ರ ರೆಡಿ. ಕುಕ್ಕರಹಳ್ಳಿ ಕೆರೆಯಲ್ಲಿ ಕತ್ತೆತ್ತಿದ ಜಲರಾಕ್ಷಸ ಬೇಕೇ? ಅದೂ ಸಿಗುತ್ತೆ. ನಡುರಾತ್ರಿ ರಾಮಾನುಜ ರಸ್ತೆಯಲ್ಲಿ ಬಿಳೀ ಸೀರೆ ಉಟ್ಟು ನಿಂತ ಹೆಂಗಸು? ಅದಂತೂ ಕೇಳಲೇ ಬೇಡಿ, ನಾಲ್ಕು ನಮೂನೆಯಲ್ಲಿ ಸಿಗುತ್ತೆ.

ಹುಡುಗರಿಗೆ ಇದೊಂದು ಗೀಳು. 2025ರ ಮಾರ್ಚಿನಲ್ಲಿ ಜಪಾನಿನ ಗಿಬ್ಲಿ ಸ್ಟುಡಿಯೋ ಕಾರ್ಟೂನಿನ ಧಾಟಿಯಲ್ಲಿ ಊರಿಗೆ ಊರೇ ತನ್ನ ಮುಖ ಬರೆಸಿಕೊಂಡಿದ್ದು ನೆನಪಿರಬೇಕಲ್ಲ. ಮದುವೆ ಫೋಟೋದಿಂದ ಹಿಡಿದು ಮನೆ ಬೆಕ್ಕಿನ ತನಕ ಎಲ್ಲವೂ ಗಿಬ್ಲಿ ಆಯಿತು. ಆ ಚಟ ಅಲ್ಲಿಗೇ ನಿಲ್ಲಲಿಲ್ಲ. ಇದ್ದವರ ಮುಖ ಮುಗಿದ ಮೇಲೆ ಇಲ್ಲದವರ ಮುಖಕ್ಕೆ ಕೈ ಹಾಕಿದರು. ದೆವ್ವ, ಮೋಹಿನಿ, ಅನ್ಯಗ್ರಹದವರು, ಸಿನಿಮಾದ ನಾಗವಲ್ಲಿ.

ಇದರಲ್ಲಿ ತಪ್ಪೇನು ಅಂತ ಕೇಳಿದರೆ, ಏನೂ ತಪ್ಪಿಲ್ಲ ಅಂತಲೇ ನನ್ನ ಉತ್ತರ. ಅಭಿಮಾನಿ ಚಿತ್ರ ಬರೆಯೋದು ನಮಗೆ ಹೊಸದೇ? ಥಿಯೇಟರಿನ ಮುಂದೆ ಆಳೆತ್ತರ ಕಟೌಟು ನಿಲ್ಲಿಸಿದವರು ನಾವು. ಆಟೋ ಹಿಂಭಾಗದಲ್ಲಿ ಶಂಕರ್‌ನಾಗ್, ವಿಷ್ಣುವರ್ಧನ್ ಬರೆಸಿದವರು ನಾವು. 2004ರಲ್ಲಿ 'ಆಪ್ತಮಿತ್ರ' ಬಂದಾಗ ಸೌಂದರ್ಯ ಅವರ ಆ ಕಣ್ಣನ್ನು ನೋಡಿ ಬೆವರಿದವರು ಎಷ್ಟು ಮಂದಿ! 2010ರ 'ಆಪ್ತರಕ್ಷಕ'ದಲ್ಲಂತೂ ಕಥೆಗೆ ಮೂಲವೇ ಒಂದು ಚಿತ್ರ. ನಾಗವಲ್ಲಿಯ ಪಟ ಮನೆಗೆ ಬಂದಿದ್ದೇ ತಡ, ತಾಪತ್ರಯ ಶುರು. ಅದು ಸಿನಿಮಾ. ದುಡ್ಡು ಕೊಟ್ಟು ಹೆದರಿಕೊಂಡು, ಹೊರಗೆ ಬಂದು ಟೀ ಕುಡಿದು ಮನೆಗೆ ಹೋದೆವು. ಟಿಕೆಟ್ಟಿನ ಮೇಲೇ ಬರೆದಿತ್ತು, ಇದು ಸಿನಿಮಾ ಅಂತ.

ಯಂತ್ರಕ್ಕೆ ದೆವ್ವ ಗೊತ್ತೇ?

ಈ ಯಂತ್ರ ಚಿತ್ರ ಬರೆಯೋ ರೀತಿ ವಿಚಿತ್ರವಾಗಿದೆ. ಕೋಟ್ಯಂತರ ಚಿತ್ರಗಳನ್ನು, ಅವುಗಳ ಕೆಳಗಿದ್ದ ಒಕ್ಕಣೆಗಳ ಸಮೇತ ಅದಕ್ಕೆ ತೋರಿಸಿ ಕಲಿಸಿರುತ್ತಾರೆ. ನಾವು ಸಾಲು ಬರೆದ ಕೂಡಲೇ ಅದು ಶುರು ಮಾಡೋದು ಹಳೇ ಟಿ.ವಿ.ಯ ಇರುವೆ ಮುತ್ತಿದಂಥ ಚುಕ್ಕೆಗಳ ರಾಶಿಯಿಂದ. ಆ ಚುಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಶುಚಿ ಮಾಡುತ್ತಾ, ಪ್ರತಿ ಹೆಜ್ಜೆಗೂ ನಮ್ಮ ಮಾತಿಗೆ ಹತ್ತಿರ ತರುತ್ತಾ ಹೋಗುತ್ತದೆ. ಕೊನೆಗೊಂದು ಚಿತ್ರ ನಿಲ್ಲುತ್ತದೆ. ಬಹುಪಾಲು ಯಂತ್ರಗಳು ನಡೆಯೋದು ಹೀಗೆಯೇ. ಅದು ಏನನ್ನೂ ಕಂಡಿಲ್ಲ, ಕ್ಯಾಮೆರಾ ಹಿಡಿದು ಎಲ್ಲಿಗೂ ಹೋಗಿಲ್ಲ.

ಹೀಗಾಗಿ ಅದರ ದೆವ್ವ ನಮ್ಮ ಅಜ್ಜಿ ಹೇಳಿದ ದೆವ್ವ ಅಲ್ಲ. ಅಜ್ಜಿಯ ದೆವ್ವಕ್ಕೆ ಪಾದ ತಿರುಗಿತ್ತು, ಹುಣಸೇ ಮರ ಇತ್ತು, ಸುಣ್ಣ ಕೇಳೋ ಚಾಳಿ ಇತ್ತು. ಯಂತ್ರದ ದೆವ್ವಕ್ಕೆ ಕೆದರಿದ ಕೂದಲು, ಬಿಳೀ ಸೀರೆ, ಹಿಂದೆ ನೀಲಿ ಹೊಗೆ. ಅಂದರೆ ಸಿನಿಮಾ ಪೋಸ್ಟರಿನ ದೆವ್ವ. ಅಗ್ರಹಾರದ ಬೀದಿ ಬರಿ ಅಂದರೆ ಎಲ್ಲಿನದೋ ಕಮಾನು, ಎಲ್ಲಿನದೋ ಹವೇಲಿ ತಂದು ನಿಲ್ಲಿಸಿಬಿಡಬಹುದು. ನೂರೊಂದು ಗಣಪತಿ ದೇವಸ್ಥಾನ ಎಲ್ಲಿ ಅಂತ ಹುಡುಕಬೇಕು! ಅಂಗಡಿ ಬೋರ್ಡಿನ ಕನ್ನಡವನ್ನಂತೂ ನೋಡಬೇಕು ನೀವು. ಒತ್ತಕ್ಷರಕ್ಕೆ ಕೊಂಬು, ಕೊಂಬಿಗೆ ಬಾಲ, ಓದಿದರೆ ಯಾವ ಭಾಷೆಯೂ ಅಲ್ಲ. ಸುಳ್ಳು ಹಿಡಿಯೋಕೆ ಇಷ್ಟು ದಿನ ಅದೊಂದು ಸುಲಭದ ದಾರಿಯಾಗಿತ್ತು. ಆದರೆ ಯಂತ್ರ ಕಲೀತಾ ಇದೆ. ಆರು ಬೆರಳಿನ ಕೈ ಈಗ ಅಪರೂಪ. ಬೋರ್ಡಿನ ಕನ್ನಡವೂ ನೆಟ್ಟಗಾಗುತ್ತಿದೆ. ಕಣ್ಣನ್ನೇ ನಂಬಿಕೊಂಡು ಕೂರೋ ಕಾಲ ಇದಲ್ಲ.

ನಮ್ಮೂರಿನ ಶಾಪದ ಹೆಂಗಸು

ಮೈಸೂರಿನವರು ಯಂತ್ರದಿಂದ ಬರೆಸಿಯೇ ಬರೆಸುವ ಮುಖ ಒಂದಿದ್ದರೆ ಅದು ಅಲಮೇಲಮ್ಮನದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡರು. ವಿಜಯನಗರದ ಪ್ರತಿನಿಧಿ ತಿರುಮಲರಾಯನ ಪತ್ನಿ ಒಡವೆ ಸಮೇತ ಕಾವೇರಿಗೆ ಹಾರಿದಳು, ಹಾರುವ ಮುಂಚೆ ಶಾಪ ಕೊಟ್ಟಳು ಅಂತ ಐತಿಹ್ಯ. ತಲಕಾಡಿನ ದೇವಸ್ಥಾನಗಳನ್ನು ಮರಳು ಮುಚ್ಚಿದ್ದಕ್ಕೆ ಭೂವಿಜ್ಞಾನದವರು ಹೊಳೆಯ ಪಾತ್ರ, ಮೇಲಣ ಅಣೆಕಟ್ಟು, ಬೀಸುವ ಗಾಳಿ ಅಂತೆಲ್ಲ ಕಾರಣ ಕೊಡುತ್ತಾರೆ. ಜನ ಶಾಪವನ್ನೇ ನೆನೆಯುತ್ತಾರೆ. ಅರಮನೆಯಲ್ಲೂ ಆಕೆಯ ವಿಗ್ರಹಕ್ಕೆ ಪೂಜೆ ಉಂಟು.

ಆಕೆಯನ್ನು ಎದುರು ಕೂರಿಸಿ ಬರೆದ ಚಿತ್ರ ಮಾತ್ರ ನಮ್ಮ ಕೈಲಿಲ್ಲ. ಯಂತ್ರ ಕೊಡುವ ಅಲಮೇಲಮ್ಮ ಯಾವುದೋ ಧಾರಾವಾಹಿಯ ನಟಿಯಂತೆ ಇರುತ್ತಾಳೆ, ಮೂಗುತಿ ಸಹ ಈಗಿನ ಷೋರೂಮಿನದು. ಚೆನ್ನಾಗಿದೆ ಅಂತ ಮೆಚ್ಚೋಣ. ಅದರ ಕೆಳಗೆ 'ಅರಮನೆಯಲ್ಲಿ ಸಿಕ್ಕ ನಾನೂರು ವರ್ಷದ ಹಳೇ ಚಿತ್ರ' ಅಂತ ಒಬ್ಬ ಪುಣ್ಯಾತ್ಮ ಬರೆದ ಅಂತಿಟ್ಟುಕೊಳ್ಳಿ. ಮುಂದಿನ ವರ್ಷ ಸ್ಕೂಲು ಮಕ್ಕಳ ಪ್ರಾಜೆಕ್ಟಿನಲ್ಲಿ ಅದೇ ಅಂಟಿರುತ್ತೆ!

ಕಾಣದ್ದನ್ನು ಬರೆಯೋದು ತಪ್ಪಾಗಿದ್ದರೆ ರಾಜಾ ರವಿವರ್ಮ ಕೈಗೆ ಕುಂಚವನ್ನೇ ಹಿಡಿಯುವ ಹಾಗಿರಲಿಲ್ಲ. ಆತ ಲಕ್ಷ್ಮಿಯನ್ನೂ ಕಂಡಿರಲಿಲ್ಲ, ಸರಸ್ವತಿಯನ್ನೂ ಕಂಡಿರಲಿಲ್ಲ. ಬರೆದ, ಕೆಳಗೆ ರುಜು ಹಾಕಿದ. ಇದು ರವಿವರ್ಮನ ಕೈ ಅಂತ ನೋಡಿದವರಿಗೆ ಗೊತ್ತಾಯಿತು. ನಮ್ಮ ಜಗನ್ಮೋಹನ ಅರಮನೆಗೆ ಹೋಗಿ ನೋಡಿ. ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರದ ಮುಂದೆ ಇವತ್ತಿಗೂ ಅನೇಕರು 'ಆಹಾ ರವಿವರ್ಮ' ಅನ್ನುತ್ತಾರೆ. ಬರೆದವರು ಎಸ್.ಎಲ್. ಹಲ್ದಣಕರ್. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಇದು ಆಮೇಲೆ ಎಷ್ಟೋ ವರ್ಷಕ್ಕೆ ಬಂದ ಚಿತ್ರ. ಗೋಡೆಗೆ ತೂಗುಹಾಕಿದ ಚಿತ್ರದ ಗತಿಯೇ ಹೀಗಾದರೆ, ಬಾಲಂಗೋಚಿ ಇಲ್ಲದೆ ಮೊಬೈಲಿನಲ್ಲಿ ಹಾರಾಡುವ ಚಿತ್ರಕ್ಕೆ ಅಪ್ಪ ಅಮ್ಮ ಯಾರು?

ನಾಳೆ ಬಾ!

ಹಾಗಂತ ಚಿತ್ರ ಇಲ್ಲದೆ ಭಯ ಹಬ್ಬೋದಿಲ್ಲ ಅಂತಲ್ಲ. 1990ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಮನೆಗಳನ್ನು ಐವತ್ತು ದಾಟಿದವರೆಲ್ಲ ಬಲ್ಲರು. ರಾತ್ರಿ ಹೊತ್ತು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತಂತೆ, ಬಾಗಿಲು ತೆಗೆದವನ ಕಥೆ ಮುಗಿಯಿತಂತೆ. ಬರಹ ಓದಿದರೆ ವಾಪಸು ಹೋಗಿ ನಾಳೆ ಬರುತ್ತಂತೆ. ನಾಳೆಯೂ ಅದೇ ಬರಹ! ನಮ್ಮ ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಿತ್ತು ಅನ್ನೋದೊಂದು ಸಮಾಧಾನ. ಅದರ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಒಂದು ಸೀಮೆಸುಣ್ಣದಲ್ಲಿ ಭಯವೂ ಪರಿಹಾರವೂ ಮುಗಿಯುತ್ತಿತ್ತು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿಯೂ ಬಾಯಿಂದ ಬಾಯಿಗೆ, ಫೋನಿಂದ ಫೋನಿಗೆ ಒಂದೇ ದಿನದಲ್ಲಿ ದೇಶ ಸುತ್ತಿತು.

ಫೋಟೋ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಕತೆ ಕೇಳಿ. 1917ರಲ್ಲಿ ಕಾಟಿಂಗ್ಲಿ ಅನ್ನೋ ಊರಿನ ಇಬ್ಬರು ಹುಡುಗಿಯರು ತೋಟದಲ್ಲಿ ಕಿನ್ನರಿಯರ ಜೊತೆ ಫೋಟೋ ತೆಗೆದರು. ಷರ್ಲಾಕ್ ಹೋಮ್ಸ್ ಅನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಸಾಹೇಬರೇ ನಂಬಿ ಪತ್ರಿಕೆಯಲ್ಲಿ ಬರೆದರು! ಕಾಗದದ ಬೊಂಬೆ ಕತ್ತರಿಸಿ ಟೋಪಿ ಪಿನ್ನಿನಲ್ಲಿ ನಿಲ್ಲಿಸಿದ್ದೆವು ಅಂತ ಆ ಹುಡುಗಿಯರು ಒಪ್ಪಿಕೊಂಡಿದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಅಲ್ಲಿ ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಒಬ್ಬ ದೊಡ್ಡ ಮನುಷ್ಯರ ಮಾನ ಸ್ವಲ್ಪ ಹೋಯಿತು, ಅಷ್ಟೇ.

ನಮ್ಮಲ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಎದ್ದಿತಲ್ಲ, ಆಗ ವಾಟ್ಸಾಪಿನಲ್ಲಿ ಓಡಾಡಿದ ವಿಡಿಯೋ ಒಂದಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ಯಾವ ತಾಯಿಗಾದರೂ ಕರುಳು ಚುರುಕ್ ಅನ್ನಬೇಕು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಜನಜಾಗೃತಿಗಾಗಿ ನಟಿಸಿ ತೆಗೆದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸು ತಂದು ಬಿಡುತ್ತಾರೆ, ಮಕ್ಕಳ ಮೇಲೆ ಕಣ್ಣಿಡಿ ಅಂತ ಒಂದು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ತುಂಡನ್ನು ಕತ್ತರಿಸಿ ಬಿಸಾಕಿದರು. ಮಿಕ್ಕಿದ್ದು ನಿಜ ಘಟನೆ ಅಂತ ಊರೂರು ಸುತ್ತಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಲ್ಲಿ ಅನುಮಾನಕ್ಕೆ ಕಾರಣವಾಗಿತ್ತು.

ಆ ಕರಾಚಿ ಚಿತ್ರ ತೆಗೆದವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಅವರು ಫಲಕ ಹಾಕಿದ್ದರು. ಆದರೆ ಹಾಕಿದ್ದು ಕತ್ತರಿಸಲು ಸುಲಭವಾದ ಜಾಗದಲ್ಲಿ. ದೆವ್ವದ ಚಿತ್ರ ಬರೆಸುವ ನಮ್ಮ ಹುಡುಗರು ಗಮನಿಸಬೇಕಾದ್ದು ಇದನ್ನೇ.

ಚಿರತೆ ಬಂತು ಚಿರತೆ

ದೆವ್ವ ಬಿಡಿ, ಅದಕ್ಕೆ ಹೆದರುವವರು ಕಡಿಮೆಯಾಗಿದ್ದಾರೆ. ಮೈಸೂರಿನಲ್ಲಿ ನಿಜವಾಗಿ ಹೆದರಿಸುವ ಚಿತ್ರ ಚಿರತೆಯದು. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ಕು ಜನ ಚಿರತೆ ಬಾಯಿಗೆ ಸಿಕ್ಕಿ ಸತ್ತರು. ಸರ್ಕಾರ ಮೈಸೂರಿಗೆ ಚಿರತೆ ಕಾರ್ಯಪಡೆಯನ್ನೇ ಮಾಡಬೇಕಾಯಿತು. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿ ನೌಕರರು ಮನೆಯಿಂದಲೇ ಕೆಲಸ ಮಾಡಿದರು. ಇವೆಲ್ಲ ಅಪ್ಪಟ ನಿಜ.

ಇದರ ಮಧ್ಯೆ ಒಂದು ಸುಳ್ಳು ಚಿರತೆ ಬಿಟ್ಟರೆ ಏನಾಗುತ್ತೆ ಅಂತ ಲಕ್ನೋದವರನ್ನು ಕೇಳಿ. 2025ರ ಅಕ್ಟೋಬರಿನಲ್ಲಿ ಅಲ್ಲೊಬ್ಬ ಹುಡುಗ ತಮಾಷೆಗೆ ಎ.ಐ. ಚಿರತೆಯ ಚಿತ್ರ ಮಾಡಿ ಹರಿಯಬಿಟ್ಟ. ಬಡಾವಣೆಯೇ ಬಾಗಿಲು ಹಾಕಿಕೊಂಡಿತು. ಅರಣ್ಯ ಇಲಾಖೆಯವರು ಹೆಜ್ಜೆ ಗುರುತು ಹುಡುಕಿದರು. ಕೊನೆಗೆ ಪೊಲೀಸರು ಹುಡುಕಿದ್ದು ಹುಡುಗನನ್ನು.

ಅದೇ ಚಿತ್ರವನ್ನು ಅಗ್ರಹಾರಕ್ಕೆ ತಂದು ನೋಡಿ. ಸಂಜೆ ಆರು ಗಂಟೆ, ವಾಣಿವಿಲಾಸ ಮಾರುಕಟ್ಟೆಯಲ್ಲಿ ವ್ಯಾಪಾರದ ಹೊತ್ತು. ಮಾರ್ಕೆಟ್ ಹಿಂದಿನ ಸಂದಿಯಲ್ಲಿ ಚಿರತೆ ಅಂತ ಒಂದು ಚಿತ್ರ ಬಂತು. ಚಾಮುಂಡಿ ಬೆಟ್ಟದ ಕಡೆ ಚಿರತೆ ಇರೋದು ಎಲ್ಲರಿಗೂ ಗೊತ್ತು, ಆದ್ದರಿಂದ ನಂಬೋಕೆ ಐದು ನಿಮಿಷ ಸಾಕು. ಗಿರಾಕಿ ಬರೋದಿಲ್ಲ. ಸೊಪ್ಪಿನ ಕಟ್ಟು ಬಾಡುತ್ತೆ, ಹೂವಿನ ಮಾರು ಬುಟ್ಟಿಯಲ್ಲೇ ಉಳಿಯುತ್ತೆ. ಬೆಳಗ್ಗೆ ಸಾಲ ತಂದು ಮಾಲು ಹಾಕಿದವಳಿಗೆ ಬಡ್ಡಿ ಯಾರು ಕೊಡುತ್ತಾರೆ, ಚಿತ್ರ ಬರೆಸಿದ ಹುಡುಗ ಕೊಡುತ್ತಾನಾ? ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಇಲ್ಲಿ ಇಲ್ಲದ ಚಿರತೆಯನ್ನು ಹುಡುಕೋಕೆ ಬಂದ ಅರಣ್ಯ ಸಿಬ್ಬಂದಿ, ಅದೇ ರಾತ್ರಿ ತಿ. ನರಸೀಪುರದ ಕಬ್ಬಿನ ಗದ್ದೆಯ ಪಕ್ಕದಲ್ಲಿ ಇರಬೇಕಾದವರು. ಮೂರು ಸಲ ಸುಳ್ಳಾದ ಮೇಲೆ ನಾಲ್ಕನೇ ಸಲ ನಿಜದ ಚಿರತೆ ಬಂದರೆ 'ಎ.ಐ. ಕಣೋ' ಅಂತ ನಕ್ಕು ಮಗುವನ್ನು ಹೊರಗೆ ಕಳಿಸುವವರೂ ನಾವೇ.

ಸರ್ಕಾರ ಸುಮ್ಮನೆ ಕೂತಿಲ್ಲ. ಯಂತ್ರದಿಂದ ಮಾಡಿದ ಚಿತ್ರಕ್ಕೆ ಗುರುತು ಹಾಕಬೇಕು ಅಂತ ಕೇಂದ್ರ 2025ರ ಅಕ್ಟೋಬರಿನಲ್ಲಿ ಕರಡು ನಿಯಮ ತಂತು, 2026ರ ಫೆಬ್ರವರಿಯಲ್ಲಿ ಅದನ್ನು ಜಾರಿಗೂ ಕೊಟ್ಟಿತು. ಕೆಲವು ಕಂಪನಿಗಳು ಕಣ್ಣಿಗೆ ಕಾಣದ ಮುದ್ರೆಯನ್ನು ಚಿತ್ರದೊಳಗೇ ಹುದುಗಿಸುತ್ತವೆ. ಅದನ್ನು ಓದೋಕೆ ಇನ್ನೊಂದು ಯಂತ್ರ ಬೇಕು. ಬಸ್ ಸ್ಟಾಪಿನಲ್ಲಿ ನಿಂತವನಿಗೆ ಅದರಿಂದ ಆಗಬೇಕಾದ್ದೇನು? ಅವನಿಗೆ ಕನ್ನಡದಲ್ಲಿ ಕಾಣಬೇಕು.

ಹಾಗಾಗಿ ನಮ್ಮ ಕಲಾವಿದ ಹುಡುಗರಿಗೆ ಒಂದು ಮಾತು. ನಾಗವಲ್ಲಿ ಬರೆಸಿ, ಅಲಮೇಲಮ್ಮನನ್ನು ಬರೆಸಿ, ಬೇಕಿದ್ದರೆ ಅಗ್ರಹಾರದ ಸರ್ಕಲ್ಲಿನಲ್ಲಿ ಹಾರುವ ತಟ್ಟೆಯನ್ನೇ ಪಾರ್ಕ್ ಮಾಡಿಸಿ. ಅದರ ಮೇಲೆ 'ಇದು ಕಲ್ಪನೆ' ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಮೂಲೆಯಲ್ಲಿ ಬೇಡ, ಕತ್ತರಿಸುತ್ತಾರೆ. ನಟ್ಟನಡುವೆ, ದೆವ್ವದ ಸೀರೆಯ ಮೇಲೇ ಬರೆಯಿರಿ. ಅಂದ ಕೆಡುತ್ತೆ ಅಂತೀರಾ? ಸ್ವಲ್ಪ ಕೆಡಲಿ ಬಿಡಿ. ಚಿರತೆ, ಹುಲಿ, ಆನೆ, ಮಕ್ಕಳ ಕಳ್ಳ, ಈ ನಾಲ್ಕನ್ನು ಮಾತ್ರ ನಮ್ಮ ಬೀದಿಯ ಹೆಸರು ಹಾಕಿ ಬರೆಸಲೇಬೇಡಿ.

ಅಂಗಡಿಯವರಿಗೆ, ಬಸ್ಸಿನವರಿಗೆ ಇನ್ನೊಂದು. ವಾಟ್ಸಾಪಿನಲ್ಲಿ ಬಂದ ಚಿತ್ರದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು ಅಂತ ಅರ್ಥ. 2018ರ ಸಾವುಗಳು ಆದ ಮೇಲೆಯೇ ಆ ಕಂಪನಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದ ಹಾಗೆ ಕಟ್ಟು ಹಾಕಿದ್ದು. 2020ರಿಂದ ಬಾಣ ಎರಡಿರುವುದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಚಿರತೆಯನ್ನು ನೀವೇ ಕಣ್ಣಾರೆ ಕಂಡಿದ್ದರೆ ಗ್ರೂಪಿಗೆ ಹಾಕಬೇಡಿ, 112ಕ್ಕೆ ಫೋನ್ ಮಾಡಿ. ಕಂಡಿಲ್ಲ, ಬರೀ ಚಿತ್ರ ಬಂದಿದೆ ಅಂತಾದರೆ ಕಳಿಸಿದವರಿಗೇ ಒಂದು ಪ್ರಶ್ನೆ ವಾಪಸು ಕಳಿಸಿ: 'ಯಾವ ಬೀದಿ, ಎಷ್ಟು ಗಂಟೆ, ತೆಗೆದವರು ಯಾರು?'